ಮಾವಿನ ತೋಪಿಗೆ ಬಂದ ಪೋಸ್ಟ್‌ಮ್ಯಾನ್

ಮೊನ್ನೆ ನಮ್ಮ ಎನ್.ಆರ್. ಕಾಲೋನಿಯ ಮನೆಗೆ ಮೂವರು ಟ್ರೈನೀ ಹುಡುಗಿಯರು ಬಂದಿದ್ದರು. ಟೀಚರ್ ಟ್ರೈನಿಂಗಿನ ಪ್ರಾಜೆಕ್ಟಂತೆ. ನಿವೃತ್ತ ಶಿಕ್ಷಕಿಯೊಬ್ಬಳನ್ನು ಹಿಡಿದು ಇಂಟರ್‌ವ್ಯೂ ಮಾಡಿ, ಫೈಲಿಗೆ ಅಂಟಿಸಬೇಕಂತೆ. ಕೋಡುಬಳೆ ಕೊಟ್ಟೆ. ತಿನ್ನುವ ಮೊದಲು ಅದರ ಫೋಟೋ ತೆಗೆದರು. ಆಮೇಲೆ ಒಬ್ಬಳು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಮ್ಯಾಮ್, ಮಕ್ಕಳಿಗೆ ಓದೋದು ಕಲಿಸೋ ಬಗ್ಗೆ ನಿಮ್ಮ ಫಿಲಾಸಫಿ ಏನು?” ಎಂದಳು.

“ಫಿಲಾಸಫಿ ಇಲ್ಲ ಡಿಯರ್, ಮಂಡಿ ನೋವಿದೆ” ಎಂದೆ.

ಪೊಲೈಟಾಗಿ ನಕ್ಕು ಅದನ್ನೂ ರೆಕಾರ್ಡ್ ಮಾಡಿಕೊಂಡರು. ಅವರು ಹೋದ ಮೇಲೆ ನನಗೇ ಸಂಕಟವಾಯಿತು. ಪಾಪ, ನಿಜವಾಗಿ ಕೇಳಬೇಕಾದ್ದನ್ನೇ ಕೇಳಿದ್ದರು. ನಾನು ಜೋಕ್ ಹೊಡೆದು ಕಳಿಸಿಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಡ್‌ಮಿಸ್ಟ್ರೆಸ್ ಆಗಿ ರಿಟೈರಾದ ಕಥೆ ಇಲ್ಲಿ ಬರುವುದಿಲ್ಲ. ಅದೆಲ್ಲ ಕೂದಲು ಬೆಳ್ಳಗಾದ ಹಾಗೆ, ಕಾದು ಕೂತರೆ ತಾನಾಗಿ ಆಗುತ್ತದೆ. ಹುಡುಗಿಯರೇ, ಹೇಳಬೇಕಾದ್ದು ನಾನು ನಿಮ್ಮ ಹಾಗೆ ಟ್ರೈನೀ ಆಗಿದ್ದ ವರ್ಷದ್ದು. ಓದಲು ಬಾರದವಳೊಬ್ಬಳನ್ನು ಮಕ್ಕಳಿಗೆ ಓದು ಕಲಿಸಲು ಕಳಿಸಿದ್ದರು. ಆ ಓದಲು ಬಾರದವಳು ನಾನೇ.

ಗಾಬರಿಯಾಗಬೇಡಿ. ಇಂಗ್ಲಿಷ್ ಧಾರಾಳವಾಗಿ ಬರುತ್ತಿತ್ತು. ನಾನು ಕಲಿತದ್ದು ಕಂಟೋನ್ಮೆಂಟ್ ಕಡೆಯ ಒಂದು ಕಾನ್ವೆಂಟಿನಲ್ಲಿ. ಮನೆ ಮಲ್ಲೇಶ್ವರದಲ್ಲಿ, ಮಾತು ಕನ್ನಡದಲ್ಲಿ, ಆದರೆ ಸೆಕೆಂಡ್ ಲ್ಯಾಂಗ್ವೇಜ್ ಮಾತ್ರ ಫ್ರೆಂಚ್. ಪ್ಯಾರಿಸ್ಸಿನಲ್ಲಿ ರೈಲ್ವೆ ಸ್ಟೇಷನ್ನಿಗೆ ದಾರಿ ಕೇಳಬಲ್ಲವಳಾಗಿದ್ದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಬೋರ್ಡ್ ಓದಬಲ್ಲವಳಾಗಿರಲಿಲ್ಲ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅಜ್ಜಿ ತಿದ್ದಿಸಿದ್ದ ಅಕ್ಷರಗಳು ನೆನಪಿದ್ದವು. ಆದರೆ ಅವು ಒಂದಕ್ಕೊಂದು ಒತ್ತು ಕೊಟ್ಟುಕೊಂಡು ಕೂತರೆ ನನ್ನ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾತನಿಗೆ ಕಣ್ಣಿನ ಪೊರೆ ಬಂದಿದ್ದರಿಂದ ಬೆಳಗ್ಗೆ ಕನ್ನಡ ಪೇಪರ್ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ನಾನೋ, ಅವರು ಸ್ನಾನ ಮುಗಿಸುವುದರೊಳಗೆ ರೇಡಿಯೋದ ಇಂಗ್ಲಿಷ್ ನ್ಯೂಸ್ ಕೇಳಿಕೊಂಡುಬಿಡುತ್ತಿದ್ದೆ. ಆಮೇಲೆ ಪೇಪರನ್ನು ಮುಖದ ಮುಂದೆ ಬಿಡಿಸಿಕೊಂಡು ಅದೇ ಸುದ್ದಿಯನ್ನು ಕನ್ನಡದಲ್ಲಿ ಗಂಭೀರವಾಗಿ ಹೇಳುವುದು. ತಾತನಿಗೆ ಮಹಾ ಹೆಮ್ಮೆ. “ಕಾನ್ವೆಂಟಲ್ಲಿ ಓದಿದ್ರೂ ನಮ್ ಹುಡುಗಿ ಎಷ್ಟು ಸರಾಗವಾಗಿ ಓದ್ತಾಳೆ ನೋಡಿ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತೊಂದರೆ ಬರುತ್ತಿದ್ದುದು ಒಳಪುಟದಲ್ಲಿ.

“ನಿಧನವಾರ್ತೆ ಓದೇ ವತ್ಸಲಾ.”

“ಇವತ್ತು ಯಾರೂ ಹೋಗಿಲ್ಲ ತಾತ.”

ಹೆಸರುಗಳು ರೇಡಿಯೋದಲ್ಲಿ ಬರುವುದಿಲ್ಲವಲ್ಲ! ಹೀಗೆ ಸುಮಾರು ದಿನ ಮಲ್ಲೇಶ್ವರದಲ್ಲಿ ಯಾರೂ ಸಾಯಲೇ ಇಲ್ಲ. ಒಂದು ದಿನ ತಾತನ ಜೊತೆಗಾರರೊಬ್ಬರ ವೈಕುಂಠ ಸಮಾರಾಧನೆಗೆ ಕರೆಯಲು ಅವರ ಮಗನೇ ಮನೆ ಬಾಗಿಲಿಗೆ ಬಂದು ನಿಂತ. ತಾತ ಪೇಪರಿನವರನ್ನೇ ಬೈದರು. ನಾನು ಪೇಪರ್ ಮಡಚಿಟ್ಟೆ.

ಇಂಥವಳು ಟೀಚರ್ ಟ್ರೈನಿಂಗ್ ಸೇರಿದೆ. ಇನ್‌ಸ್ಟಿಟ್ಯೂಟು ಇಂಗ್ಲಿಷ್ ಮೀಡಿಯಮ್ಮಿನದು. ಆದರೆ ಪ್ರಾಕ್ಟೀಸ್ ಟೀಚಿಂಗಿಗೆ ಯಾವ ಇಂಗ್ಲಿಷ್ ಮೀಡಿಯಂ ಶಾಲೆಯವರೂ ತಮ್ಮ ಮಕ್ಕಳನ್ನು ಕೊಡುತ್ತಿರಲಿಲ್ಲ. ಫೀಸ್ ಕೊಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಬಾರದು ಎಂಬ ಉದಾತ್ತ ಭಾವನೆ. ಹಾಗಾಗಿ ಚಾಮರಾಜಪೇಟೆಯ ಫೀಸಿಲ್ಲದ ಒಂದು ಕನ್ನಡ ಪ್ರೈಮರಿ ಶಾಲೆಗೆ ನಮ್ಮನ್ನು ಬಿಡುತ್ತಿದ್ದರು. ನನಗೆ ಸಿಕ್ಕಿದ್ದು ಮೂರನೇ ಕ್ಲಾಸು, ಕನ್ನಡ ವಾಚನ. “ನಿಮ್ಮ ಮಾತೃಭಾಷೆ ಅಲ್ವೇನಮ್ಮ, ಕಷ್ಟವೇನು?” ಎಂದರು ನಮ್ಮ ಮೆಥಡ್ ಲೆಕ್ಚರರ್ ನಂಜುಂಡಯ್ಯನವರು. ಸಣ್ಣಗೆ, ಇಸ್ತ್ರಿ ಮಾಡಿದ ಛತ್ರಿಯ ಹಾಗಿದ್ದರು. ಕಷ್ಟವೇನೆಂದು ನಾನು ಹೇಳಲಿಲ್ಲ. ಹಾಗೆ ಹೇಳಿಕೊಳ್ಳುವುದನ್ನು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ.

ಪಾಠ ಮಾಡುವ ಮೊದಲು ಪಾಠಟಿಪ್ಪಣಿ ಬರೆಯಬೇಕು. ನೀವೂ ಬರೆಯುತ್ತೀರಿ, ಈಗ ಲ್ಯಾಪ್‌ಟಾಪಿನಲ್ಲಿ. ಪುಟದ ಮಧ್ಯೆ ಗೆರೆ. ಎಡಗಡೆ ಶಿಕ್ಷಕಿ ಏನು ಕೇಳುತ್ತಾಳೆ, ಬಲಗಡೆ ಮಕ್ಕಳು ಏನು ಹೇಳುತ್ತಾರೆ. ಮಕ್ಕಳ ಉತ್ತರವನ್ನು ಹಿಂದಿನ ಸಂಜೆಯೇ ಬರೆದು ನಂಜುಂಡಯ್ಯನವರ ಸಹಿ ಹಾಕಿಸಬೇಕಿತ್ತು. ಮರುದಿನ ಮಗು ಬೇರೇನಾದರೂ ಹೇಳಿದರೆ ತಪ್ಪು ಮಗುವಿನದಲ್ಲ, ನನ್ನದು.

ಆದರೆ ಆ ಶಾಲೆಯ ಮಕ್ಕಳು ಬೇರೇನೂ ಹೇಳುವವರಲ್ಲ. ವರ್ಷಕ್ಕೆ ಮೂರು ಟ್ರೈನಿಂಗ್ ಇನ್‌ಸ್ಟಿಟ್ಯೂಟಿನವರು ಸರದಿಯ ಮೇಲೆ ಬಂದು ಅದೇ ಪಾಠಗಳನ್ನು ಮಾಡಿ ಮಾಡಿ, ಆ ಮಕ್ಕಳು ಕಲಿಸಿಕೊಳ್ಳುವುದರಲ್ಲಿ ಎಕ್ಸ್‌ಪರ್ಟ್ ಆಗಿಬಿಟ್ಟಿದ್ದರು. ನನ್ನ ಮೊದಲ ಪಾಠ ‘ಮಾವಿನ ತೋಪು’. ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಲು ತಿರುಗಿದೆ.

“ಮಿಸ್, ಇನ್ನೂ ಪೀಠಿಕೆ ಆಗಿಲ್ಲ” ಎಂದಿತು ಮುಂದಿನ ಬೆಂಚು.

“ಏನು?”

“ಮೊದ್ಲು ‘ಹಣ್ಣುಗಳ ರಾಜ ಯಾರು’ ಅಂತ ಕೇಳ್ಬೇಕು ಮಿಸ್. ನಾವು ಮಾವು ಅಂತೀವಿ. ಆಮೇಲೆ ನೀವು ಚಾರ್ಟ್ ಬಿಚ್ಬೇಕು.”

ಕೇಳಿದೆ. ಮಾವು ಅಂದರು. ಚಾರ್ಟ್ ಬಿಚ್ಚಿದೆ. ನಾನೇ ಬಣ್ಣ ಹಚ್ಚಿದ್ದ ಮಾವಿನಹಣ್ಣು. ಸ್ವಲ್ಪ ಹೊತ್ತು ಕ್ಲಾಸು ಅದನ್ನೇ ನೋಡಿತು. “ಬದನೇಕಾಯಿ ಥರ ಇದೆ, ಆದ್ರೂ ಮಾವು ಅಂತೀವಿ ಮಿಸ್, ಹೆದರ್ಕೋಬೇಡಿ” ಎಂದಳು ಎರಡು ಜಡೆಯ ಒಬ್ಬಳು. ಅವಳೇ ನಾಗರತ್ನ.

ನಾಗರತ್ನ ಆ ಕ್ಲಾಸಿನ ಸ್ಟಾರ್. ಯಾವ ಟ್ರೈನೀ ಬಂದರೂ ಹಿಂದಿನ ಬ್ಯಾಚಿನವರು ಕಿವಿಯಲ್ಲಿ ಹೇಳಿ ಹೋಗುತ್ತಿದ್ದ ಗುಟ್ಟು ಒಂದೇ: ಕಷ್ಟವಾದರೆ ನಾಗರತ್ನನ್ನ ಎಬ್ಬಿಸು. ಎದ್ದು ನಿಂತಳೆಂದರೆ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಗಂಟೆ ಬಾರಿಸಿದ ಹಾಗೆ ಓದುತ್ತಿದ್ದಳು. ಪ್ರಶ್ನೆ ಬಂದಲ್ಲಿ ಹುಬ್ಬೇರಿಸಿ, ದುಃಖ ಬಂದಲ್ಲಿ ತಲೆ ತಗ್ಗಿಸಿ. ನಮ್ಮ ಕಾನ್ವೆಂಟಿನ ಎಲೊಕ್ಯೂಷನ್ ಪ್ರೈಜ್ ಆಗಿದ್ದರೆ ಅವಳಿಗೇ. ಒಂದೇ ಒಂದು ವಿಚಿತ್ರ: ಈ ಸ್ಟಾರ್ ಮೂರನೇ ಕ್ಲಾಸಿನಲ್ಲಿ ಫೇಲಾಗಿ ಎರಡನೇ ವರ್ಷ ಕೂತಿದ್ದಳು.

ಇದೇನೆಂದು ಕ್ಲಾಸ್ ಟೀಚರ್ ಸೀತಾಬಾಯಿಯವರನ್ನು ಕೇಳಿದೆ. ಟ್ರೈನೀಗಳು ಬಂದ ಸೀಜನ್ನಿನಲ್ಲಿ ಅವರು ವರಾಂಡದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

“ಸೋಮಾರಿ ಕಣಮ್ಮ. ಬಾಯಿ ಇದೆ, ಕೈ ಇಲ್ಲ. ಪರೀಕ್ಷೇಲಿ ಪೇಪರ್ ಕೊಟ್ರೆ ಖಾಲಿ ಕೊಟ್ಟು ಎದ್ ಬರ್ತಾಳೆ.”

“ನೀವು ಅವಳನ್ನ ಓದಿಸಿ ನೋಡಿದ್ದೀರಾ ಟೀಚರ್?”

“ಬರೋ ಮಕ್ಕಳನ್ನ ಯಾಕಮ್ಮ ಓದಿಸ್ಲಿ? ಬರದೇ ಇರೋರೇ ಇಷ್ಟೊಂದು ಜನ ಇದಾರೆ.”

ಸೀತಾಬಾಯಿಯವರನ್ನು ಕೆಟ್ಟವರು ಎಂದುಕೊಳ್ಳಬೇಡಿ. ವೃತ್ತಿಯ ಬಹುಪಾಲು ಗುಟ್ಟುಗಳನ್ನು ನಾನು ಕಲಿತದ್ದು ಅವರಿಂದಲೇ. ಇನ್‌ಸ್ಪೆಕ್ಟರ್ ಕೈಗೆ ಕೊಡಲೆಂದೇ ಒಂದು ಪಠ್ಯಪುಸ್ತಕವನ್ನು ಅವರು ಬೇರೆ ಇಟ್ಟಿದ್ದರು. ಮಕ್ಕಳಿಗೆ ಚೆನ್ನಾಗಿ ಬರುವ ಪಾಠದಲ್ಲಿ ಪುಸ್ತಕವನ್ನು ಬಿಚ್ಚಿ, ಬೆನ್ನು ಮುರಿದು, ವಾರಗಟ್ಟಲೆ ಮೇಲೆ ಕಲ್ಲು ಹೇರಿಟ್ಟಿದ್ದರು. ಯಾವ ಇನ್‌ಸ್ಪೆಕ್ಟರ್ ಬಂದು “ನೋಡೋಣ, ಎಲ್ಲಿಂದಾದರೂ ಓದಲಿ” ಎಂದು ತೆರೆದರೂ ಪುಸ್ತಕ ವಿಧೇಯವಾಗಿ ಅದೇ ಪುಟಕ್ಕೆ ಬಾಯಿ ಬಿಡುತ್ತಿತ್ತು. ಇನ್‌ಸ್ಪೆಕ್ಟರಿಗೆ ತಾನೇ ಆರಿಸಿದೆನೆಂಬ ತೃಪ್ತಿ, ಮಕ್ಕಳಿಗೆ ಓದಿದೆವೆಂಬ ತೃಪ್ತಿ. ಇದಕ್ಕಿಂತ ಒಳ್ಳೆಯ ಟೀಚಿಂಗ್ ಏಡ್ ಅನ್ನು ನಾನು ಮುಂದೆಂದೂ ನೋಡಲಿಲ್ಲ.

ನನ್ನದೂ ಒಂದು ಏಡ್ ಇತ್ತು. ಪಾಠ ಶುರುವಾದ ಮೇಲೆ ಶಿಕ್ಷಕಿ ‘ಆದರ್ಶ ವಾಚನ’ ಮಾಡಬೇಕು, ಅಂದರೆ ಪಾಠವನ್ನು ತಾನು ಓದಿ ತೋರಿಸಬೇಕು. ಹಿಂದಿನ ಸಂಜೆ ಅಮ್ಮನ ಕೈಲಿ ಪಾಠ ಓದಿಸಿಕೊಂಡು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಚೀಟಿಗಳ ಮೇಲೆ ಬರೆದುಕೊಳ್ಳುತ್ತಿದ್ದೆ. ಚೀಟಿ ಪುಸ್ತಕದ ಒಳಗೆ. ಕನ್ನಡ ಪುಸ್ತಕ ಹಿಡಿದು, ಒಳಗಿನ ಇಂಗ್ಲಿಷ್ ನೋಡಿ, ಕನ್ನಡ ಓದುವುದು. ಅದಕ್ಕೂ ಟ್ಯಾಲೆಂಟ್ ಬೇಕು.

ಒಂದು ದಿನ ಚೀಟಿಗಳು ಬೆರೆತುಹೋದವು. ‘ಮಾವಿನ ತೋಪು’ ಪುನರಾವರ್ತನೆ. ನಂಜುಂಡಯ್ಯನವರು ಹಿಂದಿನ ಬೆಂಚಿನಲ್ಲಿ ಕೂತು ಅಬ್ಸರ್ವೇಷನ್ ಬುಕ್ಕಿನಲ್ಲಿ ಬರೆಯುತ್ತಿದ್ದರು. ನಾನು ಓದುತ್ತಾ ಹೋದೆ: ತೋಪಿನಲ್ಲಿ ನೆರಳಿದೆ, ಕೊಂಬೆಯಲ್ಲಿ ಕೋಗಿಲೆ ಕೂತಿದೆ, ಟ್ರಿಣ್ ಟ್ರಿಣ್ ಎಂದು ಬೆಲ್ ಮಾಡುತ್ತಾ ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲಿ ಬಂದ, ಅಮ್ಮನಿಗೆ ಕಾಗದ ಕೊಟ್ಟ. ಹೇಳಿದ ಮೇಲೆ ಹೊಳೆಯಿತು, ಅದು ಮುಂದಿನ ವಾರದ ಪಾಠದ ಚೀಟಿ. ಮೈ ಗುಡ್‌ನೆಸ್! ಮಕ್ಕಳು ಪುಸ್ತಕದಲ್ಲಿ ಬೆರಳಿಟ್ಟು ಪೋಸ್ಟ್‌ಮ್ಯಾನನ್ನು ಹುಡುಕುತ್ತಿದ್ದರು. ನಂಜುಂಡಯ್ಯನವರು ತಲೆ ಎತ್ತಲಿಲ್ಲ. ‘ಆದರ್ಶ ವಾಚನ: ಉತ್ತಮ’ ಎಂದು ಬರೆದಿದ್ದರೆಂದು ಆಮೇಲೆ ತಿಳಿಯಿತು.

ಕಷ್ಟವಾದರೆ ನಾಗರತ್ನ. ಎಬ್ಬಿಸಿದೆ. ಅವಳು ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಶುರು ಮಾಡಿದಳು: ತೋಪು, ನೆರಳು, ಕೋಗಿಲೆ. ಆಮೇಲೆ ಹುಬ್ಬೇರಿಸಿ, ಗಂಟಲಲ್ಲೇ ಸೈಕಲ್ ಬೆಲ್ ಮಾಡಿ, ಪೋಸ್ಟ್‌ಮ್ಯಾನನ್ನೂ ಮಾವಿನ ತೋಪಿನೊಳಕ್ಕೆ ಕರೆತಂದಳು. ಅಮ್ಮನಿಗೆ ಕಾಗದವನ್ನೂ ಕೊಡಿಸಿದಳು.

ಇಡೀ ಕ್ಲಾಸಿನಲ್ಲಿ ನನ್ನ ತಪ್ಪನ್ನು ಓದಿದ್ದು ಅವಳೊಬ್ಬಳೇ. ಒಂದಿಷ್ಟಾದರೂ ಓದಲು ಬರುತ್ತಿದ್ದ ಮಕ್ಕಳೆಲ್ಲ ಪುಸ್ತಕ ನೋಡಿ ತಬ್ಬಿಬ್ಬಾಗಿದ್ದರು. ರೇಡಿಯೋ ಕೇಳಿ ಪೇಪರ್ ಓದುತ್ತಿದ್ದವಳಿಗೆ ಇದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ.

ಊಟದ ಬೆಲ್ ಆದ ಮೇಲೆ ಅವಳನ್ನು ಮೆಟ್ಟಿಲ ಹತ್ತಿರ ಕರೆದೆ. “ಪೋಸ್ಟ್‌ಮ್ಯಾನ್ ಎಲ್ಲಿದಾನೆ, ಪುಸ್ತಕದಲ್ಲಿ ತೋರಿಸು.”

“ನೀವೇ ತೋರ್ಸಿ ಮಿಸ್. ಮೊದ್ಲು ಹೇಳಿದ್ದು ನೀವೇ.”

ಅವಳು ನನ್ನ ಕೈಯಲ್ಲಿದ್ದ ಪುಸ್ತಕದಿಂದ ಇಣುಕುತ್ತಿದ್ದ ಚೀಟಿಯ ಕಡೆ ನೋಡಿದಳು.

“ನಿಮ್ಗೂ ಓದಕ್ ಬರಲ್ವಾ ಮಿಸ್?”

ಯಾರೂ ಕೇಳದ ಪ್ರಶ್ನೆ ಅದು. ನಮ್ಮ ತಾತ ಕೇಳಿರಲಿಲ್ಲ, ಲೆಕ್ಚರರ್ ಕೇಳಿರಲಿಲ್ಲ.

“ಸ್ವಲ್ಪ ಬರುತ್ತೆ” ಎಂದೆ.

“ನಂಗೂ ಸ್ವಲ್ಪ ಬರುತ್ತೆ” ಎಂದಳು ಅವಳು, ನನ್ನ ಮರ್ಯಾದೆ ಉಳಿಸುವವಳ ಹಾಗೆ.

ಆಗ ಎಲ್ಲ ಸ್ಪಷ್ಟವಾಯಿತು. ಕಿವಿ ಚುರುಕಾದ್ದರಿಂದ ಕೇಳಿದ್ದೆಲ್ಲ ಬಾಯಿಗೆ ಬಂತು. ಬಾಯಿಗೆ ಬಂದದ್ದರಿಂದ ಸ್ಟಾರ್ ಆದಳು. ಸ್ಟಾರ್ ಆದ್ದರಿಂದ ಯಾರೂ ಕಲಿಸಲಿಲ್ಲ. ಕಲಿಸದೆ ಇದ್ದುದರಿಂದ ಫೇಲಾದಳು. ಫೇಲಾಗಿ ಅದೇ ಪಾಠಗಳನ್ನು ಇನ್ನೊಂದು ವರ್ಷ ಕೇಳಿದ್ದರಿಂದ ಇನ್ನೂ ದೊಡ್ಡ ಸ್ಟಾರ್ ಆದಳು. ನಮ್ಮಂಥ ಟ್ರೈನೀಗಳು ಬ್ಯಾಚಿನ ಮೇಲೆ ಬ್ಯಾಚು ಅವಳನ್ನು ಎಬ್ಬಿಸಿ ಪಾಸಾಗಿ ಹೋದೆವು. ಅವಳು ಅಲ್ಲೇ ಕೂತಳು.

ಅದೇ ವಾರ ಅವಳ ಅಪ್ಪ ಮುನಿಯಪ್ಪ ಶಾಲೆಗೆ ಬಂದ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಕಾಲಲ್ಲಿ ತುಳಿಯುವ ಮಿಷನ್ ನಡೆಸುತ್ತಿದ್ದವನು. ಕೈ ಕಟ್ಟಿಕೊಂಡು ಸೀತಾಬಾಯಿಯವರ ಮುಂದೆ ನಿಂತ.

“ಈ ಸಲಾನೂ ಫೇಲಾದ್ರೆ ಬಿಡಿಸ್ಬಿಡ್ತೀನಿ ಟೀಚರಮ್ಮ. ದೊಡ್ಡವಳನ್ನೂ ಹಂಗೇ ಬಿಡಿಸ್ದೆ. ಮನೇಲಿ ಅವ್ಳಮ್ಮನ ಜೊತೆ ಲಗ್ನಪತ್ರಿಕೆ ಕವರ್ ಮಡಚ್ಕೊಂಡು ಇರ್ಲಿ.”

“ಒಳ್ಳೆ ಚೂಟಿ ಹುಡುಗಿ ಕಣಪ್ಪ” ಎಂದರು ಸೀತಾಬಾಯಿ.

“ಚೂಟಿ ಆದ್ರೆ ಕವರ್ ಬೇಗ ಮಡಚ್ತಾಳೆ ಬಿಡಿ” ಎಂದ. ಅದರಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ವಾರ್ಷಿಕ ಪರೀಕ್ಷೆಗೆ ಮೂರು ತಿಂಗಳಿತ್ತು.

ಊಟದ ಬಿಡುವಿನಲ್ಲಿ ಅವಳಿಗೆ ಓದು ಕಲಿಸಲು ಕೂತೆ. ಮೊದಲ ದಿನವೇ ತಿಳಿಯಿತು, ಪಠ್ಯಪುಸ್ತಕದಿಂದ ಇದು ಆಗುವ ಕೆಲಸವಲ್ಲ. ಯಾವ ಪುಟ ತೆರೆದರೂ ಮೊದಲ ಪದ ನಾನಂದರೆ ಸಾಕು, ಉಳಿದದ್ದು ನಲ್ಲಿ ತಿರುಗಿಸಿದ ಹಾಗೆ. ಕಣ್ಣು ಆಕಾಶದಲ್ಲಿ. ಅವಳ ಕಿವಿಗೆ ಎಂದೂ ಬೀಳದ ಬರಹ ಬೇಕಿತ್ತು.

“ಮನೇಲಿ ಬೇರೆ ಏನಾದ್ರೂ ಓದೋದು ಇದೆಯೇನೇ?”

“ವೇಸ್ಟ್ ಕಾರ್ಡ್ ಇದೆ ಮಿಸ್. ಅಪ್ಪ ಒಲೆ ಹಚ್ಚಕ್ಕೆ ತರ್ತಾನೆ.”

ಮರುದಿನ ಕಟ್ಟು ಕಟ್ಟಿಕೊಂಡು ತಂದಳು. ಇಂಕು ಹರಡಿದ, ಓರೆಯಾದ, ಒಂದರ ಮೇಲೊಂದು ಅಚ್ಚಾದ ಲಗ್ನಪತ್ರಿಕೆಗಳು. ಅರಿಶಿನದ ಅಂಚು, ಗಣಪತಿ, ‘ತಮ್ಮ ಸುಖಾಗಮನವನ್ನು ಬಯಸುವ’. ಇದನ್ನು ಯಾವ ಟ್ರೈನಿಂಗ್ ಕಾಲೇಜೂ ಟೀಚಿಂಗ್ ಏಡ್ ಎಂದು ಒಪ್ಪುವುದಿಲ್ಲ. ಎರಡು ಕಾರ್ಡ್ ಓದುವಷ್ಟರಲ್ಲಿ ಇವಳು ಸುಖಾಗಮನವನ್ನೂ ಬಾಯಿಪಾಠ ಮಾಡಿ ಮೂರನೆಯದಕ್ಕೆ ರಾಗ ಎಳೆದಳು. ಆದರೆ ವರನ ಹೆಸರು ಬಂದಲ್ಲಿ ಗಕ್ಕನೆ ನಿಂತಳು. ಹೆಸರು ಕಾರ್ಡಿಗೊಂದು! ವಧುವಿನ ಹೆಸರು, ಅವರಪ್ಪನ ಹೆಸರು, ಛತ್ರದ ಹೆಸರು. ಯಾವುದನ್ನೂ ಊಹಿಸಲು ಬರುವುದಿಲ್ಲ. ಅಲ್ಲಿ ಕಣ್ಣು ಕೆಳಗಿಳಿಯಲೇಬೇಕು. ನನಗೂ ಅಷ್ಟೆ. ಜ್ಯೇಷ್ಠ ಪುತ್ರಿ ಅನ್ನುವಲ್ಲಿ ಇಬ್ಬರೂ ಒಟ್ಟಿಗೆ ಎಡವಿದೆವು.

ನಾನು ಒಂದೇ ರೂಲ್ ಮಾಡಿದೆ. “ಕಣ್ಣಿಗೆ ಕಂಡಿದ್ದು ಮಾತ್ರ ಹೇಳ್ಬೇಕು. ಬಾಯಿಗೆ ಬಂದಿದ್ದು ಹೇಳೋ ಹಾಗಿಲ್ಲ.”

“ನಿಧಾನ ಆಗುತ್ತೆ ಮಿಸ್.”

“ಆಗ್ಲಿ.”

“ಕೇಳಕ್ ಚೆನ್ನಾಗಿರಲ್ಲ ಮಿಸ್.”

“ನಾನೊಬ್ಬಳೇ ತಾನೆ ಕೇಳೋದು?”

ಮೂರು ವಾರ ಚೆನ್ನಾಗಿರಲಿಲ್ಲ. ಅಕ್ಷರಕ್ಕೊಂದು ಉಸಿರು, ಪದಕ್ಕೊಂದು ಬೆವರು. ಎಲೊಕ್ಯೂಷನ್ ರಾಣಿ ಕಲ್ಲು ಹೊರುವವಳ ಹಾಗೆ ಕಾಣುತ್ತಿದ್ದಳು. ಒಂದು ಮಧ್ಯಾಹ್ನ ಮಸಿ ಚೆಲ್ಲಿದ ಕಾರ್ಡೊಂದರ ಮೇಲೆ ಬೆರಳಿಟ್ಟು, “ಪು… ಟ್ಟ… ಪುಟ್ಟ… ಸ್ವಾ… ಪುಟ್ಟಸ್ವಾಮಿ!” ಎಂದು ಕಿರುಚಿದಳು. ವರಾಂಡದಿಂದ ಸೀತಾಬಾಯಿ, “ಯಾರೇ ಅದು ಪುಟ್ಟಸ್ವಾಮಿ? ಒಳಗೆ ಯಾಕ್ ಬಂದ?” ಎಂದು ಕೂಗಿದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಗಂಭೀರವಾಗಿ ಕೇಳಿದಳು, “ಮಿಸ್, ಇವ್ನಿಗೆ ಮದ್ವೆ ಆಯ್ತಾ?” ಓದಿದ ಮೇಲೆ ಕೇಳಬೇಕಾದ ಪ್ರಶ್ನೆ ಅದೇ ಅಲ್ಲವೇ? ಎರಡು ವರ್ಷ ಪಾಠ ಒಪ್ಪಿಸಿದವಳು, ಆ ತೋಪು ಯಾರದು ಎಂದು ಒಮ್ಮೆಯೂ ಕೇಳಿರಲಿಲ್ಲ.

ಹುಡುಗಿಯರೇ, ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಮೇಲಿನ ನನ್ನ ಸರ್ವೀಸಿನಲ್ಲಿ ಓದು ಕಲಿಸುವ ವಿಧಾನ ಎಷ್ಟೋ ಸಲ ಬದಲಾಯಿತು. ಮೊದಲು ಅಕ್ಷರ, ಆಮೇಲೆ ಪದ ಎಂದರು. ಛೆ ಛೆ, ಮೊದಲು ವಾಕ್ಯ, ಆಮೇಲೆ ಅಕ್ಷರ ಎಂದರು. ಆಮೇಲೆ ಕಲಿಕೆಯ ಕಾರ್ಡು ಬಂತು, ಕಾರ್ಡಿಗೆ ಗುಂಪು ಬಂತು, ನಾವು ಕುರ್ಚಿ ಬಿಟ್ಟು ಜಮಖಾನದ ಮೇಲೆ ಕೂತೆವು. ನನ್ನ ಮಂಡಿ ನೋವಿನ ಮೂಲ ಅದೇ. ಪ್ರತಿ ಹೊಸ ವಿಧಾನಕ್ಕೂ ಮೂರು ದಿನದ ವರ್ಕ್‌ಶಾಪು, ಹಳೆಯದು ಅವೈಜ್ಞಾನಿಕ ಎಂಬ ಭಾಷಣ, ಮಧ್ಯಾಹ್ನ ವಾಂಗೀಬಾತು. ವಾಂಗೀಬಾತು ಮಾತ್ರ ಬದಲಾಗಲಿಲ್ಲ.

ಕೊನೆಗೆ ನಾನು ಬಸವನಗುಡಿಯ ಶಾಲೆಯಲ್ಲಿದ್ದಾಗ ಸ್ಮಾರ್ಟ್ ಬೋರ್ಡ್ ಬಂತು. ಬೋರ್ಡೇ ಪಾಠ ಓದುತ್ತದೆ, ಓದಿದ ಪದ ಹಳದಿಯಾಗುತ್ತದೆ, ಮಕ್ಕಳು ಜೊತೆಗೆ ಹಾಡುತ್ತಾರೆ. ಮ್ಯಾನೇಜ್‌ಮೆಂಟಿನವರು ಪೇರೆಂಟ್ಸನ್ನು ಕರೆದು ತೋರಿಸಿದರು. ಒಂದನೇ ಕ್ಲಾಸಿನ ಮಕ್ಕಳು ಎಷ್ಟು ಚೆನ್ನಾಗಿ ಓದುತ್ತಾರೆಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಕರೆಂಟ್ ಹೋಯಿತು. ಬೋರ್ಡು ಸುಮ್ಮನಾಯಿತು, ಮಕ್ಕಳೂ ಸುಮ್ಮನಾದರು. ಆ ಕತ್ತಲಲ್ಲಿ ನಗು ಬಂದದ್ದು ನನಗೊಬ್ಬಳಿಗೇ. ಜನರೇಟರ್ ಶುರುವಾಗುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್‌ಗೆ ಶೋಭಿಸುವ ಮುಖ ಮಾಡಿಕೊಂಡೆ.

ಇರಲಿ. ನನ್ನ ಫೈನಲ್ ಪ್ರಾಕ್ಟಿಕಲ್ ಬಂತು. ಹೊರಗಿನಿಂದ ಎಕ್ಸಾಮಿನರ್ ಬರುತ್ತಾರೆ, ಒಂದು ಪೀರಿಯಡ್ ಪಾಠ, ಅದರ ಮೇಲೆ ಪಾಸು-ಫೇಲು. ನನಗೆ ಕೊಟ್ಟದ್ದು ಅದೇ ‘ಮಾವಿನ ತೋಪು’. ನಂಜುಂಡಯ್ಯನವರು ಹಿಂದಿನ ದಿನ ಕರೆದು, “ನಾಗರತ್ನನ್ನ ಮುಂದೆ ಕೂರ್ಸಮ್ಮ. ವಾಚನ ಅವಳಿಗೇ. ಎಕ್ಸಾಮಿನರ್ ಖುಷಿಯಾಗ್ತಾರೆ. ನಮ್ಮ ಇನ್‌ಸ್ಟಿಟ್ಯೂಟಿನ ಪ್ರತಿಷ್ಠೆ” ಎಂದರು.

ನಾನೇನು ಮಾಡಿದೆ ಗೊತ್ತೆ? ಬೇರೆಯವರ ಕಥೆಯಾಗಿದ್ದರೆ ಇಲ್ಲಿ ಟ್ರೈನೀ ಧೈರ್ಯದಿಂದ ಏನೋ ಹೇಳುತ್ತಿದ್ದಳು. ನಾನು ಬೆಳಗ್ಗೆ ಬೇಗ ಹೋಗಿ ನಾಗರತ್ನನ್ನ ಪಕ್ಕಕ್ಕೆ ಕರೆದು, “ಇವತ್ತೊಂದು ದಿನ ಮೊದಲಿನ ಥರಾನೇ ಓದಿಬಿಡೇ” ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. “ನೋಡ್ದೇನಾ ಮಿಸ್?”

“ಹೂಂ. ಇವತ್ತೊಂದಿನ.”

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟದ ಮುಂದೆ ಎಕ್ಸಾಮಿನರ್ ಯಾವ ಲೆಕ್ಕ. “ಆಯ್ತು ಮಿಸ್” ಎಂದು ಹೋಗಿ ಕೂತಳು.

ಪೀಠಿಕೆಯಾಯಿತು. ಹಣ್ಣುಗಳ ರಾಜ ಬಂದ. ಚಾರ್ಟ್ ಬಿಚ್ಚಿದೆ, ಈ ಸಲ ಅಂಗಡಿಯ ರೆಡಿಮೇಡ್ ಮಾವು. ಆದರ್ಶ ವಾಚನ ಮಾಡಿದೆ, ಚೀಟಿ ಇಲ್ಲದೆ. ಒತ್ತಕ್ಷರಗಳನ್ನು ಪುಟ್ಟಸ್ವಾಮಿ ಮತ್ತು ಅವನ ಬಳಗದವರು ನನಗೂ ಕಲಿಸಿದ್ದರು. ಎಕ್ಸಾಮಿನರ್ ತಲೆದೂಗಿದರು. ನಾಗರತ್ನನ್ನ ಎಬ್ಬಿಸಿದೆ.

ಎದ್ದಳು. ಪುಸ್ತಕ ಎದೆಯ ಮಟ್ಟಕ್ಕೆ ಬಂತು. ಮೊದಲ ವಾಕ್ಯ ಗಂಟೆಯ ಹಾಗೆ ಬಂತು. ನಂಜುಂಡಯ್ಯನವರು ಎಕ್ಸಾಮಿನರ್ ಕಡೆ ನೋಡಿ ಮುಗುಳ್ನಕ್ಕರು. ಎರಡನೇ ವಾಕ್ಯಕ್ಕೆ ಅವಳ ಕಣ್ಣು ಪುಟದ ಮೇಲೆ ಬಿತ್ತು. ಬಿದ್ದದ್ದು ಏಳಲಿಲ್ಲ. ಬಾಯಿ ನಿಂತಿತು. ಪುಸ್ತಕ ಕೆಳಗಿಳಿಯಿತು, ಬೆರಳು ಮೇಲೆ ಬಂತು. “ತೋ… ಪಿ… ನ… ಲ್ಲಿ…” ಶುರುವಾಯಿತು ಕಲ್ಲು ಹೊರುವುದು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಂಜುಂಡಯ್ಯನವರು ಕೆಮ್ಮಿದರು. “ಸಾಕು, ಕೂತ್ಕೋ” ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಬರಬೇಕಾದ್ದೇ ಅದು; ಇನ್ನೂ ಹೊಸ ಪದಗಳಿವೆ, ಮೌಲ್ಯಮಾಪನವಿದೆ, ಮನೆಗೆಲಸ ಕೊಡಬೇಕಿದೆ. ಆದರೆ ಅವಳು ಒಂದೇ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಆ ಕ್ಲಾಸಿನಲ್ಲಿ, ನಮ್ಮ ಬ್ಯಾಚಿನ ಅಷ್ಟೂ ಪಾಠಗಳಲ್ಲಿ, ಒಂದು ಮಗು ನಿಜವಾಗಿ ಓದುವುದನ್ನು ನಾವು ನೋಡಿದ್ದು ಅದೇ ಮೊದಲು. ಕೇಳಲು ಸ್ವಲ್ಪವೂ ಚೆನ್ನಾಗಿರಲಿಲ್ಲ. ನಾನು ನಿಲ್ಲಿಸಲಿಲ್ಲ. ಕೋಗಿಲೆಯ ತನಕ ಬಂದಾಗ ಬೆಲ್ ಹೊಡೆಯಿತು.

ಅವಳು ಹೊರಗೆ ಹೋಗುತ್ತಾ ನನ್ನ ಹತ್ತಿರ ನಿಂತು ಹೇಳಿದಳು: “ನೋಡ್ದೆ ಹೇಳಕ್ ಈಗ ಬರ್ತಿಲ್ಲ ಮಿಸ್. ಕಂಡ್ಬಿಡುತ್ತೆ.”

ಎಕ್ಸಾಮಿನರ್ ಕೆಂಪು ಶಾಯಿಯಲ್ಲಿ ಬರೆದದ್ದು ಹೀಗಿತ್ತು: ಆಯ್ದ ವಿದ್ಯಾರ್ಥಿನಿ ತೀರಾ ದುರ್ಬಲ. ಸಮಯಪಾಲನೆ ಇಲ್ಲ. ಮೌಲ್ಯಮಾಪನ ಆಗಿಲ್ಲ. ಅನುತ್ತೀರ್ಣ. ನಂಜುಂಡಯ್ಯನವರು ಒಂದು ವಾರ ನನ್ನ ನಮಸ್ಕಾರ ತೆಗೆದುಕೊಳ್ಳಲಿಲ್ಲ. ಸೀತಾಬಾಯಿ ಮಾತ್ರ ಮೊರ ಪಕ್ಕಕ್ಕಿಟ್ಟು ಕಾಫಿ ಕೊಟ್ಟರು.

“ಪೆದ್ದಿ, ಪೆದ್ದಿ. ಆಗ ತಾನೇ ಓದಕ್ ಕಲಿತಿರೋ ಮಗೂನ ಯಾರಾದ್ರೂ ಪರೀಕ್ಷೇಲಿ ಓದಿಸ್ತಾರೇನೇ?” ಎಂದರು. ಆಮೇಲೆ, “ಅಲ್ಲ, ಎರಡು ವರ್ಷ ನನ್ನ ಕಣ್ಣೆದುರಿಗೇ ಇತ್ತಲ್ಲೇ ಆ ಮಗು” ಎಂದು ಲೋಟ ನೋಡುತ್ತಾ ಕೂತರು. ಮರುದಿನದಿಂದ ನಾಗರತ್ನನ್ನ ತಮ್ಮ ಕುರ್ಚಿಯ ಪಕ್ಕ ಕೂರಿಸಿಕೊಂಡು ಬರೆಸಿದರು. ಪ್ರಶ್ನೆಪತ್ರಿಕೆ ಓದುವುದು ಹೇಗೆಂದು ಹಳೆಯ ಪತ್ರಿಕೆಗಳನ್ನೆಲ್ಲ ಅವಳ ಕೈಲೇ ಓದಿಸಿದರು.

ರಿಸಲ್ಟಿನ ದಿನ ನಾನೂ ಚಾಮರಾಜಪೇಟೆಗೆ ಹೋಗಿದ್ದೆ, ನನಗ್ಯಾವ ಕೆಲಸವೂ ಇಲ್ಲದಿದ್ದರೂ. ಮುನಿಯಪ್ಪ ಮಸಿ ಕೈಯಲ್ಲಿ ಬಂದಿದ್ದ. ಅವನಿಗೆ ಓದಲು ಬಾರದು. ಬೋರ್ಡಿನ ಮೇಲೆ ಅಂಟಿಸಿದ್ದ ಪಾಸಾದವರ ಪಟ್ಟಿಯನ್ನು ಮಗಳೇ ಮೇಲಿನಿಂದ ಬೆರಳಿಟ್ಟು ಓದುತ್ತಾ ಬಂದಳು. ಒಂದೊಂದು ಹೆಸರಿಗೂ ನಿಂತು, ಯಾವುದನ್ನೂ ಬಿಡದೆ. ತನ್ನದು ಎಲ್ಲಿದೆ ಎಂದು ಹಾರಿ ನೋಡಲಿಲ್ಲ. ಕೆಳಗಿನಿಂದ ಮೂರನೆಯದು ಅವಳ ಹೆಸರು. ಮುನಿಯಪ್ಪ ಮಗಳ ತಲೆಯ ಮೇಲೆ ಕೈಯಿಟ್ಟರೆ ಮಸಿಯಾಗುತ್ತದೆಂದು ಮೊಣಕೈಯಿಂದ ಅವಳ ಭುಜ ಒತ್ತಿದ.

ನನ್ನ ಪ್ರಾಕ್ಟಿಕಲ್ ರಿಪೀಟ್ ಮಾಡಬೇಕಿತ್ತು. ಜೂನಿನಲ್ಲಿ ಮತ್ತೆ ಅದೇ ಶಾಲೆ, ಅದೇ ಮೂರನೇ ಕ್ಲಾಸು, ಅದೇ ಪಾಠ. ಹೊಸ ಬ್ಯಾಚಿನ ಚಿಕ್ಕ ಹುಡುಗಿಯರ ಜೊತೆ ಚಾರ್ಟ್ ಸುತ್ತಿಕೊಂಡು ವರಾಂಡದಲ್ಲಿ ನಿಂತಿದ್ದೆ. ನಾಲ್ಕನೇ ಕ್ಲಾಸಿನ ಸಾಲಿನಲ್ಲಿ ಹೋಗುತ್ತಿದ್ದ ನಾಗರತ್ನ ನನ್ನನ್ನು ಕಂಡು ಸಾಲು ಬಿಟ್ಟು ಓಡಿಬಂದಳು.

“ಮಿಸ್! ನೀವಿನ್ನೂ ಮೂರನೇ ಕ್ಲಾಸಾ?”

“ಹೂಂ ಕಣೇ. ಫೇಲಾದೆ.”

ಅವಳು ಯೋಚಿಸಿದಳು. ಆ ವಿಷಯದಲ್ಲಿ ಅನುಭವಸ್ಥಳು ನಮ್ಮಲ್ಲಿ ಅವಳೇ ತಾನೆ. ನನ್ನ ಸೆರಗು ಹಿಡಿದು ಕೆಳಕ್ಕೆ ಜಗ್ಗಿ, ಬೇರೆ ಟ್ರೈನೀಗಳಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದಳು:

“ಎರಡನೇ ವರ್ಷ ಸುಲಭ ಮಿಸ್, ಎಲ್ಲಾ ಬಾಯಿಗೆ ಬಂದಿರುತ್ತೆ. ಹುಷಾರಾಗಿರಿ.”